ಭಿಕ್ಷುಕರ ಅಂಗಡಿಯಲ್ಲಿ ಬೈಬಲ್

ಬರ್ಟೋಲ್ಟ್ ಬ್ರೆಕ್ಟ್‌ನನ್ನು ಎಡಪಂಥದ ನಾಟಕಕಾರನೆಂದೇ ಓದಿಕೊಂಡು ಬಂದವರು ನಾವು. ಆದರೆ ತನ್ನ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದ ಪುಸ್ತಕ ಯಾವುದೆಂದು 1928ರಲ್ಲಿ ಪತ್ರಿಕೆಯೊಂದು ಕೇಳಿದಾಗ, ನಿಮಗೆ ನಗು ಬರಬಹುದು ಎಂದು ಹೇಳಿ ಆತ ಹೆಸರಿಸಿದ್ದು ಬೈಬಲನ್ನು. ಅದೇ ವರ್ಷ ಆಗಸ್ಟ್ 31ರಂದು ಬರ್ಲಿನ್‌ನಲ್ಲಿ ರಂಗಕ್ಕೆ ಬಂದ 'ತ್ರೀಪೆನ್ನಿ ಆಪೆರಾ'ದ ಹಾಡುಗಳನ್ನು ನೋಡಿದರೆ ಆ ಮಾತು ತಮಾಷೆಯಲ್ಲವೆಂದು ತಿಳಿಯುತ್ತದೆ. ಜಾನ್ ಗೇ 1728ರಲ್ಲಿ ಬರೆದ ಇಂಗ್ಲಿಷ್ ವಿಡಂಬನೆ ಅದರ ಮೂಲ. ಸಂಗೀತ ಕರ್ಟ್ ವೈಲ್‌ನದು.

ನಾಟಕದ ಪೀಚಮ್ ಲಂಡನ್ನಿನ ಭಿಕ್ಷುಕರಿಗೆ ಹರಕು ಬಟ್ಟೆ, ಸುಳ್ಳು ಊನಗಳನ್ನು ಒದಗಿಸಿ ಅವರ ಗಳಿಕೆಯಲ್ಲಿ ಪಾಲು ಪಡೆಯುವ ವ್ಯಾಪಾರಿ. ಬೈಬಲಿನ ವಾಕ್ಯಗಳೂ ಅವನ ಅಂಗಡಿಯ ಸರಕೇ. ಜನರ ಮನಸ್ಸು ಕರಗಿಸುವ ವಾಕ್ಯಗಳು ಕೆಲವೇ ಇವೆ, ಬಳಸಿ ಬಳಸಿ ಅವೂ ಸವೆದು ಹೋಗುತ್ತಿವೆ ಎಂಬುದು ಅವನ ಗೋಳು. ಬೆಳಿಗ್ಗೆ ಅವನು ಹಾಡುವುದು ಚರ್ಚಿನ ಪ್ರಾರ್ಥನೆಯಂಥ ಹಾಡು. ಪಾಪಿಯನ್ನು ಎಬ್ಬಿಸಿ, ನಿನ್ನ ಪಾಪದ ಕೆಲಸಕ್ಕೆ ಹೊರಡು, ಅಂತಿಮ ತೀರ್ಪಿನ ದಿನ ದೇವರು ನೋಡಿಕೊಳ್ಳುತ್ತಾನೆ ಎನ್ನುತ್ತದೆ. ಒಡಹುಟ್ಟಿದವನನ್ನೇ ಮಾರಿಕೋ ಎಂದು ಅಣಕಿಸುವ ಸಾಲು ಬಂದಾಗ, ಉರ್ದು ಶಾಲೆಯಲ್ಲಿ ಹಜರತ್ ಯೂಸುಫರ ಕಥೆ ಕೇಳಿ ಬೆಳೆದ ನನ್ನಂಥವರಿಗೆ ಆ ಬಾವಿ ನೆನಪಾಗದೆ ಇರದು.

ಇನ್ನೂ ಸೋಜಿಗದ್ದು ಸೊಲೊಮೋನನ ಹಾಡು. ಜ್ಞಾನಿ ಸೊಲೊಮೋನ ಎಲ್ಲವೂ ವ್ಯರ್ಥವೆಂದು ಕಂಡು, ಹುಟ್ಟಿದ ಗಳಿಗೆಯನ್ನು ಶಪಿಸಿದನಂತೆ. ವ್ಯರ್ಥದ ಮಾತು ಬೈಬಲಿನ 'ಪ್ರಸಂಗಿ'ಯದು. ಆದರೆ ಹುಟ್ಟನ್ನು ಶಪಿಸಿದವನು ಯೋಬ. ಬ್ರೆಕ್ಟ್ ಇಬ್ಬರ ಮಾತನ್ನೂ ಒಂದೇ ಬಾಯಲ್ಲಿ ಇಟ್ಟಿದ್ದಾನೆ. ನಮ್ಮ ಕುರ್‌ಆನಿನ ಸುಲೈಮಾನರು ಇರುವೆಯ ಮಾತು ಕೇಳಿ ಮುಗುಳ್ನಕ್ಕು, ಕೃತಜ್ಞನಾಗಿರುವಂತೆ ಮಾಡೆಂದು ಅಲ್ಲಾಹನನ್ನು ಬೇಡುತ್ತಾರೆ. ಅಯ್ಯೂಬರೋ ಸಹನೆಯ ಮೂರ್ತಿ. ಹಾಗಾಗಿ ಈ ಹಾಡು ಮುಸ್ಲಿಂ ಓದುಗನಿಗೆ ಕಸಿವಿಸಿ ಉಂಟುಮಾಡುತ್ತದೆ. ಆದರೆ ಹಾಡುತ್ತಿರುವವಳು ಯಾರು? ಹಣಕ್ಕಾಗಿ, ಅದೂ ಒಂದು ಗುರುವಾರ, ದರೋಡೆಕೋರ ಮೆಕ್‌ಹೀತ್‌ನನ್ನು ಪೊಲೀಸರಿಗೆ ಹಿಡಿದುಕೊಟ್ಟ ಜೆನ್ನಿ. ಅವನ ಗಲ್ಲಿಗೆ ಗೊತ್ತಾದದ್ದು ಶುಕ್ರವಾರ. ಯೂದನ ಕಥೆ ಗೊತ್ತಿದ್ದವರಿಗೆ ಬೇರೆ ಹೇಳಬೇಕಿಲ್ಲ. ಜ್ಞಾನ, ಧೈರ್ಯಗಳಿಂದ ದೂರವಿದ್ದವನೇ ಸುಖಿ ಎಂಬ ಅವಳ ತೀರ್ಮಾನ ಪ್ರವಾದಿಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ತನ್ನನ್ನೂ ಮಾರಿಕೊಂಡು ಬದುಕಬೇಕಾದ ಹೆಣ್ಣಿನ ಲೋಕ ಎಂಥದೆಂಬುದನ್ನು ಹೇಳುತ್ತದೆ.

ಮನುಷ್ಯ ಬದುಕುವುದು ರೊಟ್ಟಿಯೊಂದರಿಂದಲೇ ಅಲ್ಲ ಎಂಬ ಬೈಬಲಿನ ಬೋಧೆಯನ್ನೂ ನಾಟಕದ ಎರಡನೆಯ ಅಂಕದ ಕೊನೆಯ ಹಾಡು ತಿರುಗಿಸಿ ಹಾಕುತ್ತದೆ: ಮೊದಲು ಹೊಟ್ಟೆಗೆ, ನೀತಿ ಆಮೇಲೆ. ಇದನ್ನು ನಾಸ್ತಿಕತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ನೆರೆಯವನು ಹಸಿದಿರುವಾಗ ತಾನು ಹೊಟ್ಟೆ ತುಂಬ ಉಣ್ಣುವವನು ವಿಶ್ವಾಸಿಯಲ್ಲ ಎಂಬ ಪ್ರವಾದಿಯವರ ಎಚ್ಚರಿಕೆ ನಮ್ಮಲ್ಲೂ ಇದೆಯಲ್ಲ?

ಪೀಚಮ್ ಯಾವ ಒಂದು ಧರ್ಮದವನೂ ಅಲ್ಲ. ದಾನದ ಆಯತ್ತನ್ನು ರಸೀದಿ ಪುಸ್ತಕದ ಮೇಲೆ ಅಚ್ಚು ಹಾಕಿಸಿ, ಸಂಗ್ರಹವಾದ ಹಣದ ಲೆಕ್ಕ ಕೊಡದವರು ನಮ್ಮ ನಡುವೆಯೂ ಇದ್ದಾರೆ. ಗ್ರಂಥದ ವಾಕ್ಯ ಸವೆಯುವುದು ಅವರ ಕೈಯಲ್ಲಿ. ನಾಟಕದ ನಗೆಯಿಂದ ಅದಕ್ಕೆ ಏನೂ ಆಗುವುದಿಲ್ಲ.