ಎಂಟು ಬಿಟ್ಟಿನ ಗಣಕಯಂತ್ರಗಳೂ ಜೀರ್ಣೋದ್ಧಾರವೂ



ಹಳೆಯ ನಾಣ್ಯ, ಅಂಚೆಚೀಟಿ, ಗ್ರಾಮೋಫೋನ್ ತಟ್ಟೆಗಳನ್ನು ಸಂಗ್ರಹಿಸುವವರನ್ನು ನಾವೆಲ್ಲರೂ ಬಲ್ಲೆವು. ಆದರೆ ನಲವತ್ತು ವರ್ಷಗಳ ಹಿಂದಿನ ಗಣಕಯಂತ್ರಗಳನ್ನು ಹುಡುಕಿ ತಂದು, ದುರಸ್ತಿ ಮಾಡಿ, ಹೊಸ ಅಂಗಗಳನ್ನು ಜೋಡಿಸಿ ನಡೆಸುವ ಹವ್ಯಾಸಿಗಳೂ ಇದ್ದಾರೆಂದರೆ ನಿಮ್ಮಲ್ಲಿ ಕೆಲವರು ನಗಬಹುದು. ಎರಡು ವರ್ಷಕ್ಕೊಮ್ಮೆ ಮೊಬೈಲ್ ಬದಲಿಸುವ ಈ ಕಾಲದಲ್ಲಿ ಆ ಮುದಿ ಯಂತ್ರಗಳು ಯಾರಿಗೆ ಬೇಕು? ಈ ಪ್ರಶ್ನೆಗೆ ನನಗೆ ತೋಚಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಣಿತ ಕಲಿಸಿದವನ ಚಾಳಿಯಂತೆ ಮೊದಲು ಲೆಕ್ಕ. ಎಂಟು ಬಿಟ್ಟಿನ ಯಂತ್ರವೆಂದರೆ ಒಂದು ಸಲಕ್ಕೆ ಎಂಟು ದ್ವಿಮಾನ ಅಂಕಿಗಳನ್ನು ಮಾತ್ರ ಕೈಯಲ್ಲಿ ಹಿಡಿಯಬಲ್ಲದ್ದು. ಎರಡರ ಎಂಟನೆಯ ಘಾತ 256. ಅದರ ಕೈಗೆ ಸಿಗುವ ಬೇರೆ ಬೇರೆ ಬೆಲೆಗಳು ಅಷ್ಟೇ. ಸ್ಮೃತಿಯ ಕೋಣೆಗಳನ್ನು ಎಣಿಸಲು ಸಾಮಾನ್ಯವಾಗಿ ಹದಿನಾರು ತಂತಿಗಳಿರುತ್ತಿದ್ದವು. ಆದ್ದರಿಂದ ಕೋಣೆಗಳು 65,536, ಅಂದರೆ 64 ಕಿಲೋಬೈಟು. ಕೆಲವು ಯಂತ್ರಗಳಲ್ಲಿ ಅದರ ಅರ್ಧ ಯಂತ್ರದ ಸ್ವಂತ ಕಾರುಬಾರಿಗೆ, ಇನ್ನರ್ಧ ನಮಗೆ. ಇಂದಿನ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಹಿಡಿಯುವುದರಿಂದ, ನೀವೀಗ ಓದುತ್ತಿರುವ ಈ ಬರಹವೊಂದೇ ಅಂಥ ಯಂತ್ರದ 32 ಕಿಲೋಬೈಟನ್ನು ಹೆಚ್ಚುಕಡಿಮೆ ತುಂಬಿಬಿಡುತ್ತದೆ.

ಇಂಥ ಯಂತ್ರಗಳಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಬಿಬಿಸಿ ಸಂಸ್ಥೆಯ ಗಣಕ ಸಾಕ್ಷರತಾ ಕಾರ್ಯಕ್ರಮಕ್ಕಾಗಿ ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರ ಡಿಸೆಂಬರಿನಲ್ಲಿ ಅದನ್ನು ಹೊರತಂದಿತು. ಅದರ ಹೃದಯ 6502 ಎಂಬ ಚಿಪ್ಪು. ವೇಗ ಸೆಕೆಂಡಿಗೆ ಇಪ್ಪತ್ತು ಲಕ್ಷ ಬಡಿತ. ಭಾರತ ಸರ್ಕಾರ 1984-85ರಲ್ಲಿ 'ಕ್ಲಾಸ್' ಎಂಬ ಯೋಜನೆಯಡಿ ಮೊದಲು 250 ಶಾಲೆಗಳನ್ನು ಆರಿಸಿ ಈ ಯಂತ್ರಗಳನ್ನು ಕೊಟ್ಟಿತು. ಮುಂದೆ ದೇಶದಾದ್ಯಂತ ಹಂಚಿಕೆಯಾದವು ಸುಮಾರು 12,000. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಇದೇ ಯಂತ್ರವನ್ನು ಪರವಾನಗಿ ಪಡೆದು 'ಯೂನಿಕಾರ್ನ್' ಎಂಬ ಹೆಸರಿನಲ್ಲಿ ತಯಾರಿಸಿತು.

ನಾನು ಆಗ ಪಾಠ ಹೇಳುತ್ತಿದ್ದ ಪ್ರೌಢಶಾಲೆಗೂ ಎರಡು ಬಂದವು. ನಿಮ್ಮಲ್ಲಿ 1986ರಿಂದ 90ರವರೆಗೆ ಓದಿದವರಿಗೆ ಆ ಕೋಣೆ ನೆನಪಿರಬಹುದು: ಕಿಟಕಿಗೆ ದಪ್ಪ ಪರದೆ, ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳ ಸಾಲು, ಯಂತ್ರದ ಮೇಲೆ ಹೂವಿನ ಕಸೂತಿಯ ಹೊದಿಕೆ. ವಾರಕ್ಕೊಂದು ತಾಸು ಬಾಗಿಲು ತೆರೆಯುತ್ತಿತ್ತು. ಆ ತಾಸಿನಲ್ಲಿ ಕರೆಂಟು ಹೋದರೆ ಮುಂದಿನ ವಾರ. ಉಳಿದ ಸಮಯದಲ್ಲಿ ಬೀಗ. ಕೆಟ್ಟರೆ ಯಾರು ಜವಾಬ್ದಾರರು ಎಂಬ ಭಯ ಆಡಳಿತದವರಿಗೆ. ಹೀಗೆ ಜೋಪಾನ ಮಾಡಿದ ಯಂತ್ರಗಳು ಒಂದು ದಿನ ಹಚ್ಚಿದರೆ ಹತ್ತದಾದವು. ಸಾಮಾನಿನ ಪುಸ್ತಕದಲ್ಲಿ 'ನಿರುಪಯುಕ್ತ' ಎಂದು ಷರಾ ಬಿತ್ತು. ಮುರಿದ ಬೆಂಚು, ತುಕ್ಕು ಹಿಡಿದ ಗಂಟೆಗಳ ಜೊತೆ ಅವೂ ಗುಜರಿಗೆ ಹೋದವು.

ಆ ಕಾಲದ ಒಬ್ಬ ವಿದ್ಯಾರ್ಥಿ ಇಂದು ಬೆಳಗಾವಿಯಲ್ಲಿ ಯುಪಿಎಸ್ ಮತ್ತು ಟಿ.ವಿ. ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದಾನೆ. ಹೆಸರು ಬರೆಯಬೇಡಿರೆಂದು ಕೇಳಿಕೊಂಡಿದ್ದರಿಂದ ಬರೆಯುತ್ತಿಲ್ಲ. ಹುಬ್ಬಳ್ಳಿಯ ಗುಜರಿ ಅಂಗಡಿಯೊಂದರಲ್ಲಿ ಬಿಬಿಸಿ ಮೈಕ್ರೋ ಒಂದನ್ನು ಕಂಡು ತೂಕದ ಬೆಲೆಗೆ ಕೊಂಡುತಂದ. ಆಮೇಲೆ ಪುಣೆಯ ಕಡೆಯಿಂದ ಎರಡು ಸ್ಪೆಕ್ಟ್ರಂ ಪ್ಲಸ್ ಯಂತ್ರಗಳನ್ನು ತರಿಸಿದ. ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿಯ ಈ ಯಂತ್ರವನ್ನು 1980ರ ದಶಕದ ಉತ್ತರಾರ್ಧದಲ್ಲಿ ಪುಣೆಯ ಡೆಸಿಬೆಲ್ಸ್ ಕಂಪನಿ ಮಾರುತ್ತಿತ್ತು. ನಮ್ಮ ದೇಶದ ಮಧ್ಯಮ ವರ್ಗದ ಕೆಲವು ಮನೆಗಳನ್ನು ಹೊಕ್ಕ ಮೊದಲ ಗಣಕ ಅದೇ.

ಕಳೆದ ವರ್ಷ ಬೇಸಿಗೆಯಲ್ಲಿ ಅವನು ಆ ಬಿಬಿಸಿ ಯಂತ್ರವನ್ನು ದೇಗಾಂವದ ನಮ್ಮ ಮನೆಗೆ ಹೊತ್ತು ತಂದ. ಹೊರಗಿನ ಕವಚ ಹಳದಿಯಾಗಿತ್ತು. ಕುತೂಹಲದಿಂದ ಪ್ಲಗ್ ಹಚ್ಚಲು ಹೋದ ನನ್ನ ಮೊಮ್ಮಗನನ್ನು ಅವನು ತಡೆದ.

"ಕರೆಂಟ್ ಕೊಡೂದಕ್ಕಿಂತ ಮೊದಲ ಬಿಚ್ಚಿ ನೋಡಬೇಕ್ರಿ ಸರ್" ಎಂದ.

ಕಾರಣವನ್ನು ಅವನೇ ವಿವರಿಸಿದ. ಆ ಯಂತ್ರದ ವಿದ್ಯುತ್ ಪೆಟ್ಟಿಗೆಯೊಳಗೆ ಕಾಗದದ ಪದರಗಳಿರುವ ಕೆಪಾಸಿಟರುಗಳಿವೆ. ಕಾಲ ಕಳೆದಂತೆ ಅವುಗಳ ಹೊರಕವಚ ಬಿರುಕು ಬಿಟ್ಟು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಎಷ್ಟೋ ವರ್ಷಗಳ ಮೇಲೆ ಥಟ್ಟನೆ ವಿದ್ಯುತ್ ಹರಿಸಿದರೆ ಅವು ಸಿಡಿದು ಕೋಣೆ ತುಂಬ ಹೊಗೆ. ಐದಾರು ಮಳೆಗಾಲ ಬೀಗದ ಕೋಣೆಯಲ್ಲಿ ಕೂತ ಯಂತ್ರಕ್ಕೆ ನಮ್ಮ ಮಲೆನಾಡಿನ ಸೆರಗಿನ ಹವೆಯಲ್ಲಿ ಏನಾಗಿರಬಹುದೆಂದು ನನಗೆ ಆಗ ಹೊಳೆಯಿತು. ಅವನು ಬೆಸುಗೆ ಬಿಡಿಸಿ ಆ ಕೆಪಾಸಿಟರುಗಳನ್ನು ತೆಗೆದು ಹೊಸವನ್ನು ಕೂಡಿಸಿದ. ಚಿಪ್ಪುಗಳನ್ನು ಗೂಡಿನಿಂದ ಒಂದೊಂದಾಗಿ ಎತ್ತಿ, ಕಾಲುಗಳನ್ನು ಒರೆಸಿ, ಮತ್ತೆ ಕೂರಿಸಿದ. ಎರಡನೆಯ ದಿನ ಸಂಜೆ ಯಂತ್ರ ಎರಡು ಸ್ವರಗಳ ತನ್ನ ಆ ಹಳೆಯ 'ಬೀಪ್' ಕೂಗಿತು.

ಇನ್ನು ಸುಧಾರಣೆಯ ಮಾತು. ಈ ಹವ್ಯಾಸಿಗಳು ದುರಸ್ತಿಗಷ್ಟೇ ನಿಲ್ಲುವುದಿಲ್ಲ. ಫ್ಲಾಪಿ ತಟ್ಟೆಗಳಿಗೆ ಬೂಷ್ಟು ಬಂದಿರುವುದರಿಂದ, ಮೊಬೈಲಿನಲ್ಲಿ ಹಾಕುವಂಥ ಮೆಮೊರಿ ಕಾರ್ಡಿನಿಂದಲೇ ಯಂತ್ರ ಓದುವಂತೆ ಸಣ್ಣ ಹಲಗೆಯೊಂದನ್ನು ಸೇರಿಸುತ್ತಾರೆ. ಸ್ಪೆಕ್ಟ್ರಂ ಯಂತ್ರದ ಕೀಲಿಮಣೆಯಡಿಯ ಪ್ಲಾಸ್ಟಿಕ್ ಹಾಳೆ ಒಣಗಿ ಬಿರಿಯುವುದರಿಂದ, ಹೊಸದಾಗಿ ತಯಾರಾಗುವ ಹಾಳೆಗಳನ್ನು ತರಿಸಿ ಹಾಕುತ್ತಾರೆ. ಎಲ್ಲಕ್ಕಿಂತ ನನಗೆ ಸೋಜಿಗವೆನಿಸಿದ್ದು ಬೇರೊಂದು. ಬಿಬಿಸಿ ಮೈಕ್ರೋ ಯಂತ್ರದ ಹೊಟ್ಟೆಯಡಿ 'ಟ್ಯೂಬ್' ಎಂಬ ಕಿಂಡಿಯಿದೆ. ಎರಡನೆಯದೊಂದು ಸಂಸ್ಕಾರಕವನ್ನು ಜೋಡಿಸಲೆಂದು ಮೊದಲೇ ಬಿಟ್ಟ ಸ್ಥಳ ಅದು. ಹವ್ಯಾಸಿಗಳು ಆ ಕಿಂಡಿಗೆ ಇಂದಿನ ಪುಟ್ಟ ರಾಸ್ಪ್‌ಬೆರಿ ಪೈ ಗಣಕವನ್ನು ಜೋಡಿಸುತ್ತಾರೆ. ಅದರೊಳಗಿರುವುದು 'ಆರ್ಮ್' ಜಾತಿಯ ಚಿಪ್ಪು. ಅದೇ ಏಕಾರ್ನ್ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ವಿನ್ಯಾಸಗೊಳಿಸಿದ ಮೊದಲ ಆರ್ಮ್ ಚಿಪ್ಪು 1985ರ ಏಪ್ರಿಲ್ 26ರಂದು ಕೆಲಸ ಮಾಡಿತು. ಅದರ ಮಾದರಿಯನ್ನು ಮೊದಲು ಪರೀಕ್ಷಿಸಿದ್ದು ಬಿಬಿಸಿ ಬೇಸಿಕ್ ಭಾಷೆಯಲ್ಲಿ. ಇಂದು ನಿಮ್ಮೆಲ್ಲರ ಕಿಸೆಯಲ್ಲಿರುವ ಮೊಬೈಲುಗಳೊಳಗಿನ ಚಿಪ್ಪು ಅದರ ವಂಶದ್ದೇ. ಹೀಗಾಗಿ ಆ ಜೋಡಣೆಯೆಂದರೆ ಮೊಮ್ಮಗ ಅಜ್ಜನ ಕೈ ಹಿಡಿದು ನಡೆಸಿದಂತೆ.

ಇಲ್ಲಿ ನಾನು ಅವನನ್ನು ಒಂದು ಪ್ರಶ್ನೆ ಕೇಳಿದೆ. "ಏನಪಾ, ಇಷ್ಟೆಲ್ಲಾ ಹೊಸಾದು ಹಾಕಿದ ಮ್ಯಾಲೆ ಇದು ಹಳೇ ಯಂತ್ರ ಹ್ಯಾಂಗಾತು?"

ಅವನು ಮಾತಾಡದೆ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆರೆದು ತೋರಿಸಿದ. ತೆಗೆದ ಪ್ರತಿಯೊಂದು ಅಂಗವೂ ಅದರಲ್ಲಿತ್ತು. ಪುಟ್ಟ ಚೀಲಗಳ ಮೇಲೆ ತಾರೀಖು ಮತ್ತು ಯಾವ ಸ್ಥಾನದ್ದೆಂಬ ಗುರುತು. ಒಡೆದ ಕೆಪಾಸಿಟರ್ ಕೂಡ ಇತ್ತು.

"ಒಗೀಬಾರದ್ರಿ ಸರ್. ನಾಳೆ ಯಾರರ ಮೊದಲಿನಂಗ ಮಾಡಬೇಕಂದ್ರ ಬೇಕಾಗ್ತದ್ರಿ. ಪೆಟಗಿಗೆ ತೂತು ಹೊಡೀಬಾರದು, ಹಲಗೀ ಮ್ಯಾಲಿನ ಗೆರಿ ಕತ್ತರಿಸಬಾರದು."

ನಮ್ಮೂರಿನವರಿಗೆ ಈ ಮಾತು ತಿಳಿಯಬೇಕು. ಗೋವಾ ಕದಂಬರ ಕಾಲದಲ್ಲಿ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ದೇವಸ್ಥಾನ, ಹನ್ನೆರಡನೆಯ ಶತಮಾನದ್ದು, ನಮ್ಮ ನಡುವೆಯೇ ನಿಂತಿದೆ. ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಎಷ್ಟು ಊರುಗಳಲ್ಲಿ ಹಳೆಯ ಕಲ್ಲಿಗೆ ಎಣ್ಣೆಬಣ್ಣ ಬಳಿದಿಲ್ಲ, ಕಂಬಕ್ಕೆ ಟೈಲ್ಸ್ ಹಚ್ಚಿಲ್ಲ! ಅದು ಹಿಂದಕ್ಕೆ ಹೋಗಲಾಗದ ದಾರಿ. ಹಾಗೆಂದು ಬಾಗಿಲಿಗೆ ಬೀಗ ಜಡಿದು ಬಿಟ್ಟರೆ ಬಾವಲಿ ಮತ್ತು ಅರಳಿಯ ಬೇರು ಕೆಲಸ ಮುಗಿಸುತ್ತವೆ. ಬಳಸುತ್ತ ಉಳಿಸಬೇಕು, ಸೇರಿಸಿದ್ದನ್ನು ಬೇಕೆಂದಾಗ ತೆಗೆಯುವಂತಿರಬೇಕು: ಇದು ಪ್ರಾಚ್ಯವಸ್ತು ತಜ್ಞರು ಒಪ್ಪುವ ನಿಯಮ. ರಿಪೇರಿ ಅಂಗಡಿಯ ಹುಡುಗ ಅದನ್ನು ತಾನೇ ಕಂಡುಕೊಂಡಿದ್ದ.

ಹೀಗೆ ಉಳಿಸಿದ ಯಂತ್ರದಿಂದ ಆದ ಪ್ರಯೋಜನವೇನು? ಅದನ್ನೂ ಹೇಳುತ್ತೇನೆ. ಹಳೆಯ ಗಣಕ ಮತ್ತೆ ಮಾತಾಡುತ್ತಿದೆಯೆಂಬ ಸುದ್ದಿ ಹಬ್ಬಿ, ಪಕ್ಕದ ಹಳ್ಳಿಯ ರೈತನೊಬ್ಬ ಒಂದು ಕ್ಯಾಸೆಟ್ ತಂದುಕೊಟ್ಟ. ಅವನ ಅಣ್ಣ 1988ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಗ ಅದರಲ್ಲಿ ತನ್ನ ಪ್ರೋಗ್ರಾಮುಗಳನ್ನು ತುಂಬಿಟ್ಟಿದ್ದ. ಬುದ್ಧಿವಂತ ಹುಡುಗ, 2003ರಲ್ಲಿ ಕಾಯಿಲೆಯಿಂದ ತೀರಿಕೊಂಡ. ಕ್ಯಾಸೆಟ್ಟಿನಲ್ಲಿ ಏನಿದೆಯೆಂದು ಮನೆಯಲ್ಲಿ ಯಾರಿಗೂ ತಿಳಿಯದು. ಮೇಲಿನ ಚೀಟಿಯಲ್ಲಿ ಅಣ್ಣನ ಅಕ್ಷರವಿದೆಯೆಂದು ತಮ್ಮ ಅದನ್ನು ಟ್ರಂಕಿನಲ್ಲಿ ಇಟ್ಟುಕೊಂಡಿದ್ದ.

ಬಿಬಿಸಿ ಮೈಕ್ರೋ ತನ್ನ ಸೊನ್ನೆ ಮತ್ತು ಒಂದುಗಳನ್ನು ಧ್ವನಿಯಾಗಿಸಿ ಟೇಪಿನಲ್ಲಿ ಬರೆಯುತ್ತದೆ: ಸೊನ್ನೆಗೆ 1,200 ಹರ್ಟ್ಸ್‌ನ ಒಂದು ಅಲೆ, ಒಂದಕ್ಕೆ 2,400 ಹರ್ಟ್ಸ್‌ನ ಎರಡು ಅಲೆ. ಹೆಚ್ಚೆಂದರೆ 256 ಬೈಟುಗಳ ಒಂದೊಂದು ಕಂತಿಗೂ ತಾಳೆ ನೋಡುವ ಸಂಖ್ಯೆಯಿರುತ್ತದೆ. ಅಂಗಡಿಯ ಹುಡುಗ ಟೇಪಿನ ಬೂಷ್ಟನ್ನು ನಿಧಾನವಾಗಿ ಒರೆಸಿ, ಧ್ವನಿಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಕಂತು ಕಂತಾಗಿ ಆರಿಸಿದ. ಐದು ಪ್ರೋಗ್ರಾಮುಗಳಲ್ಲಿ ಎರಡು ಪೂರ್ತಿ ಸಿಕ್ಕವು, ಒಂದು ಅರ್ಧ. ಇನ್ನೆರಡು ಹೋದವು.

ಸಿಕ್ಕವುಗಳಲ್ಲಿ ಒಂದು ಕಿತ್ತೂರಿನ ಇತಿಹಾಸದ ರಸಪ್ರಶ್ನೆ. ಆ ಯಂತ್ರಕ್ಕೆ ಕನ್ನಡ ಬಾರದು. ಆದರೆ ನಾವೇ ರೂಪಿಸುವ 32 ಚಿಹ್ನೆಗಳಿಗೆ ಅದರಲ್ಲಿ ಜಾಗವಿದೆ, ಒಂದೊಂದೂ ಎಂಟು ಸಾಲು ಎಂಟು ಕಂಬದ ಚುಕ್ಕಿಗಳ ಚೌಕ. ನಮ್ಮ ಒತ್ತಕ್ಷರಗಳು ಅಷ್ಟರಲ್ಲಿ ಹಿಡಿಯುವುದಿಲ್ಲ. ಹುಡುಗ ನಾಲ್ಕು ಚೌಕ ಸೇರಿಸಿ ಒಂದಕ್ಷರ ಮಾಡಿದ್ದ. ಹಾಗಾದರೆ ಒಟ್ಟು ಎಂಟೇ ಅಕ್ಷರ. ಆ ಎಂಟರ ಬಡತನದಲ್ಲಿ ಆರನ್ನು ಖರ್ಚು ಮಾಡಿ ಅವನು ಪರದೆಯ ಮೇಲೆ ಬರೆದಿದ್ದು 'ಕಿತ್ತೂರು ಚೆನ್ನಮ್ಮ'. ಕೆಳಗೆ ಇಂಗ್ಲಿಷಿನಲ್ಲಿ ಪ್ರಶ್ನೆ: ಕಿತ್ತೂರಿನ ಯುದ್ಧ ಯಾವ ವರ್ಷ? ಮೊಮ್ಮಗ 1857 ಎಂದು ಒತ್ತಿದ; ಯಂತ್ರ ಒಪ್ಪಲಿಲ್ಲ. 1824 ಎಂದು ಒತ್ತಿದಾಗ ಮುಂದಿನ ಪ್ರಶ್ನೆ ಬಂತು.

ತಮ್ಮ ಪರದೆಯ ಹತ್ತಿರ ಬಾಗಿ ನೋಡಿದ. "ಅಣ್ಣಂದ ಅಕ್ಷರ ಐತ್ರಿ ಸರ್. 'ರು' ಬರಿಯಾಗ ಬಾಲಾ ಹಿಂಗ ಉದ್ದ ಎಳೀತಿದ್ದ" ಎಂದು ಬೆರಳಿಟ್ಟು ತೋರಿಸಿದ. ಕಣ್ಣು ಒರೆಸಿಕೊಂಡು, ಇನ್ನೊಮ್ಮೆ ಹಚ್ಚಿರೆಂದ. ಹಚ್ಚಿದೆವು.

ಇಂದಿನ ಗಣಕದಲ್ಲಿ ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶಗಳೂ ಇವೆ, ನಿಜ. ಆ ಪ್ರೋಗ್ರಾಮನ್ನು ಈಗ ಅವುಗಳಲ್ಲಿಯೂ ಓಡಿಸಬಹುದು. ಪ್ರತಿಯನ್ನು ಆ ಮನೆಯವರಿಗೆ ಕೊಟ್ಟಿದ್ದೇವೆ. ಆದರೆ ಇಂಥ ಟೇಪು ಕೈಗೆ ಬಂದಾಗ ಬಿಡಿಸಿ ಓದುವ ತಾಳ್ಮೆ ಮತ್ತು ವಿದ್ಯೆ ಉಳಿದದ್ದು, ಗುಜರಿಯಿಂದ ಯಂತ್ರ ಎತ್ತಿ ತರುವ ಇಂಥ ಹುಚ್ಚರಿಂದಲೇ. ಸಮಯವೂ ಬಹಳವಿಲ್ಲ. ಸ್ಪೆಕ್ಟ್ರಂ ಯಂತ್ರದ ಹೃದಯವಾದ ಝಡ್-80 ಚಿಪ್ಪು 1976ರಲ್ಲಿ ಬಂದದ್ದು. ಅದರ ಮೂಲ ಮಾದರಿಗೆ ಹೊಸ ಬೇಡಿಕೆ ಸ್ವೀಕರಿಸುವುದನ್ನು ಝೈಲಾಗ್ ಕಂಪನಿ 2024ರ ಜೂನ್‌ನಲ್ಲಿ ನಿಲ್ಲಿಸಿತು.

ಕೊನೆಗೊಂದು ವಿನಂತಿ. ನಿಮ್ಮ ಅಟ್ಟ, ಟ್ರಂಕು, ಶಾಲೆಯ ಹಳೆಯ ಸಾಮಾನಿನ ಕೋಣೆಗಳಲ್ಲಿ ಇಂಥ ಯಂತ್ರವೋ, ಕ್ಯಾಸೆಟ್ಟೋ ಕಂಡರೆ ಗುಜರಿಗೆ ಹಾಕಬೇಡಿರಿ. ಯಂತ್ರವನ್ನು ತಿಳಿದವರು ಬಿಚ್ಚಿ ನೋಡುವ ಮುನ್ನ ಕರೆಂಟಿಗೆ ಹಚ್ಚಬೇಡಿರಿ. ಹಚ್ಚಿದಾಗ ಕಿರ್ರೆಂದು ಅರಚುವ ಕ್ಯಾಸೆಟ್ಟನ್ನು ಕೆಟ್ಟಿತೆಂದು ತಿಳಿದು ಒಗೆಯಬೇಡಿರಿ. ಆ ಅರಚಾಟದೊಳಗೆ ಯಾರದೋ ಅಕ್ಷರವಿರಬಹುದು. ನನಗೊಂದು ಮಾತು ತಿಳಿಸಿದರೆ ಬೆಳಗಾವಿಯ ಅಂಗಡಿಗೆ ಮುಟ್ಟಿಸುವ ಜವಾಬ್ದಾರಿ ನನ್ನದು.