ಹದಿನಾಲ್ಕು ದಿನದ ಕಾವಲು

ಈ ಸಲ ವಾರ್ಷಿಕ ಸಂಚಿಕೆಗೆ ಒಂದು ನಾಯಿಯ ಬಗ್ಗೆ ಬರೆಯುತ್ತೇನೆಂದು ಹೇಳಿದಾಗ ಒಂಬತ್ತನೆಯ ತರಗತಿಯ ಹುಡುಗರು ಕಿಸಕ್ಕನೆ ನಕ್ಕರು. "ಸರ್, ಪಂಪನ ಮ್ಯಾಲ ಬರೀತೀರಿ ಅಂದ್ಕೊಂಡಿದ್ವಿರಿ" ಎಂದು ಒಬ್ಬನು ಹೇಳಿಯೇ ಬಿಟ್ಟ. ಅವನ ಮಾತಿನಲ್ಲಿ ತಪ್ಪೇನೂ ಇಲ್ಲ. ಹಿಂದಿನ ಸಂಚಿಕೆಗಳಲ್ಲಿ ನಾನು ಬರೆದದ್ದು ಕವಿಗಳ ಬಗ್ಗೆಯೇ. ಆದರೆ ಪುಸ್ತಕದಲ್ಲಿ ಕಲಿತದ್ದನ್ನು ಎಂದಾದರೂ ಹೇಳಬಹುದು. ತಪ್ಪು ಮಾಡಿ ಕಲಿತದ್ದನ್ನು ಮಾತ್ರ ಮರೆಯುವ ಮೊದಲೇ ಹೇಳಿಬಿಡಬೇಕು. ನನಗೆ ಅಂಥದೊಂದು ಪಾಠ ಕಲಿಸಿದವಳ ಹೆಸರು ಚೆನ್ನಿ.

ಚೆನ್ನಿ ನಮ್ಮ ಓಣಿಯ ನಾಯಿ. ತೊಗರಿಯ ಸುಗ್ಗಿಯಲ್ಲಿ ಒಂದು ದಿನ ದುಧನಿಯ ಮಾರುಕಟ್ಟೆಯ ಕಡೆಯಿಂದ ಯಾವುದೋ ಟ್ರ್ಯಾಕ್ಟರಿನ ಬೆನ್ನು ಹತ್ತಿ ಬಂದವಳು ನಮ್ಮ ಮನೆಯ ಮುಂದಿನ ಬೇವಿನ ಗಿಡದ ನೆರಳಿಗೆ ನಿಂತಳು, ಮತ್ತೆ ಹೋಗಲಿಲ್ಲ. ನಮ್ಮ ಅವ್ವ ದಿನಕ್ಕೊಂದು ಜೋಳದ ರೊಟ್ಟಿಯನ್ನು ಬೇಳೆಯ ಕಟ್ಟಿನಲ್ಲಿ ನೆನೆಸಿ ಹಾಕುತ್ತಿದ್ದಳು. ರಾತ್ರಿ ಹೊಸಬರು ಓಣಿಗೆ ಕಾಲಿಟ್ಟರೆ ಅವಳ ದನಿ ಏಳುತ್ತಿತ್ತು. ಶಾಲೆಯ ಮಕ್ಕಳು ಹಾದರೆ ಬಾಲ ಅಲ್ಲಾಡುತ್ತಿತ್ತು. ಆದರೆ ಎರಡು ವರ್ಷದೊಳಗೆ ಅವಳು ಮೂರು ಸಲ ಮರಿ ಹಾಕಿದಳು. ನಾಯಿಯ ಗರ್ಭದ ಅವಧಿ ಸುಮಾರು 63 ದಿನ ಮಾತ್ರ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಹುಟ್ಟಿದ 16 ಮರಿಗಳಲ್ಲಿ ಕೆಲವು ಗಾಲಿಯ ಕೆಳಗೆ ಸಿಕ್ಕವು, ಕೆಲವು ಬೇನೆಯಿಂದ ಸತ್ತವು, ಕೆಲವು ಎಲ್ಲಿ ಹೋದವೋ ತಿಳಿಯದು. ಬದುಕಿ ಬೆಳೆದದ್ದನ್ನು ನಾನು ಕಂಡದ್ದು ಎರಡನ್ನೇ.

ಮಹಾಭಾರತದ ಕಥೆ ಹೇಳುವಾಗ ನಾನು ತರಗತಿಯಲ್ಲಿ ಯುದ್ಧದಿಂದ ಆರಂಭಿಸುವುದಿಲ್ಲ. ಆದಿಪರ್ವದಲ್ಲಿ ಬರುವ ಸರಮೆಯ ಕಥೆಯಿಂದ ಆರಂಭಿಸುತ್ತೇನೆ. ಜನಮೇಜಯ ರಾಜನು ಕುರುಕ್ಷೇತ್ರದಲ್ಲಿ ಯಜ್ಞ ಮಾಡುತ್ತಿದ್ದಾಗ ಅಲ್ಲಿಗೆ ಬಂದ ನಾಯಿಮರಿಯೊಂದನ್ನು ಅವನ ತಮ್ಮಂದಿರು ಹೊಡೆದು ಓಡಿಸುತ್ತಾರೆ. ಮರಿಯು ಹವಿಸ್ಸನ್ನು ಮುಟ್ಟಿರಲಿಲ್ಲ. ಅದರ ತಾಯಿ, ದೇವಲೋಕದ ನಾಯಿ ಸರಮೆ, ಯಜ್ಞಶಾಲೆಗೇ ಬಂದು, ತಪ್ಪು ಮಾಡದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅರಸುಮಕ್ಕಳು ಸುಮ್ಮನೆ ನಿಲ್ಲುತ್ತಾರೆ, ಅವರಲ್ಲಿ ಉತ್ತರವಿರುವುದಿಲ್ಲ.

ಈ ಕಥೆಯನ್ನು ನಾನು ಪ್ರತಿ ವರ್ಷ ಹೇಳುತ್ತೇನೆ. ಆದರೆ ಅದನ್ನು ಹೇಳುವಾಗ ನನಗೆ ನೆನಪಾಗುವ ಒಂದು ಸಂಗತಿಯನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಸುಮಾರು 1990ರ ಮಾತು. ನಾನಾಗ ಸಣ್ಣ ಹುಡುಗ. ನಮ್ಮ ಹಿತ್ತಲಲ್ಲಿ ಒಂದು ನಾಯಿ ಐದು ಮರಿ ಹಾಕಿತ್ತು. ಹಿರಿಯರೊಬ್ಬರು ಅವನ್ನು ಗೋಣಿಚೀಲದಲ್ಲಿ ತುಂಬಿ, "ಹೋಗು, ರೈಲ್ವೆ ಹಳಿ ಆಚೀಕ ಬಿಟ್ಟು ಬಾ" ಎಂದರು. ನಾನು ಬಿಟ್ಟು ಬಂದೆ. ಚೀಲದೊಳಗಿನ ಬಿಸಿ ನನ್ನ ಬೆನ್ನಿಗೆ ತಾಕುತ್ತಿತ್ತು. ಬರಿದಾದ ಚೀಲವನ್ನು ಹಿತ್ತಲ ಗೋಡೆಯ ಮೇಲೆ ಹಾಕಿದ್ದೆ. ಮೂರು ದಿನ ತಾಯಿನಾಯಿ ಬಂದು ಆ ಚೀಲವನ್ನೇ ಮೂಸಿತು. ಅದಕ್ಕೆ ಸರಮೆಯಂತೆ ಮಾತು ಬರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಆದ್ದರಿಂದ 2024ರ ದೀಪಾವಳಿಯ ನಂತರ ಚೆನ್ನಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಬೇಕೆಂದು ನಿಶ್ಚಯಿಸಿದೆ. ಓಣಿಯಲ್ಲಿ ಮಾತು ಎದ್ದಿತು. "ತಾಯಿ ಆಗೋದು ತಪ್ಪಿಸೋದು ಪಾಪ ಅಲ್ಲೇನ್ರಿ ಸರ?" ಎಂದು ನೆರೆಮನೆಯ ಕಾಕಾ ಕೇಳಿದರು. ಗಾಣಗಾಪುರಕ್ಕೆ ಹುಣ್ಣಿಮೆಗೆ ಹೋಗುವ ನಮ್ಮ ಜನ ದತ್ತಾತ್ರೇಯರ ಪಾದದ ಬಳಿಯ ನಾಲ್ಕು ನಾಯಿಗಳನ್ನು ನಾಲ್ಕು ವೇದಗಳೆಂದು ಕೈಮುಗಿಯುತ್ತೇವೆ. ಮನೆಗೆ ಬಂದು ಬಾಗಿಲಲ್ಲಿ ಮಲಗಿದ ನಾಯಿಗೆ ಕಲ್ಲು ಬೀರುತ್ತೇವೆ. ಹುಟ್ಟಿಸಿ ಹಳಿಯ ಆಚೆ ಬಿಡುವುದು ಪಾಪವಲ್ಲ, ಹುಟ್ಟದಂತೆ ಮಾಡುವುದು ಪಾಪವೇ ಎಂದು ನಾನು ಕಾಕಾ ಅವರನ್ನು ಕೇಳಬೇಕೆಂದಿದ್ದೆ. ಆ ಚೀಲ ಹೊತ್ತವನು ನಾನೇ ಆದ್ದರಿಂದ ಕೇಳಲಿಲ್ಲ.

ಇದು ಹೊಸ ವಿಚಾರವೇನೂ ಅಲ್ಲ. ಬೀದಿನಾಯಿಗಳನ್ನು ಕೊಲ್ಲುವ ಬದಲು ಅವುಗಳ ಸಂತಾನವನ್ನು ನಿಯಂತ್ರಿಸುವ ಕಾರ್ಯವನ್ನು ಚೆನ್ನೈಯ ಬ್ಲೂ ಕ್ರಾಸ್ ಸಂಸ್ಥೆ 1964ರಲ್ಲಿಯೇ ಪ್ರಾರಂಭಿಸಿತು. ಕೇಂದ್ರ ಸರಕಾರ 2001ರಲ್ಲಿ ಇದಕ್ಕಾಗಿ ನಿಯಮಗಳನ್ನು ಮಾಡಿತು; 2023ರಲ್ಲಿ ಅವುಗಳ ಜಾಗದಲ್ಲಿ ಹೊಸ ನಿಯಮಗಳು ಬಂದವು. ಶಸ್ತ್ರಕ್ರಿಯೆಯ ಜೊತೆಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕುತ್ತಾರೆ, ಗುರುತಿಗೆಂದು ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸುತ್ತಾರೆ. ಹೆಣ್ಣು ನಾಯಿಯಾದರೆ ಹೊಟ್ಟೆಯನ್ನು ತೆರೆದು ಅಂಡಾಶಯವನ್ನೂ ಸಾಮಾನ್ಯವಾಗಿ ಗರ್ಭಕೋಶವನ್ನೂ ತೆಗೆಯುತ್ತಾರೆ. ಮುಂದೆ ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವ ಭಯವೂ ಅದರಿಂದ ತಪ್ಪುತ್ತದೆ. ಗಂಡು ನಾಯಿಯಾದರೆ ಬೀಜಗಳನ್ನು ತೆಗೆಯುತ್ತಾರೆ. ಗಾಯ ಚಿಕ್ಕದು, ಆದರೆ ಜೋಪಾನ ಅಷ್ಟೇ ಬೇಕು.

ಹಿಂದಿನ ರಾತ್ರಿಯಿಂದ ಚೆನ್ನಿಗೆ ಅನ್ನ ಹಾಕಬಾರದೆಂದು ಹೇಳಿದ್ದರು. ಮತ್ತು ಬರುವ ಔಷಧಿ ಕೊಟ್ಟಾಗ ಹೊಟ್ಟೆಯಲ್ಲಿ ಆಹಾರವಿದ್ದರೆ ವಾಂತಿಯಾಗಿ ಅದು ಶ್ವಾಸನಾಳಕ್ಕೆ ಇಳಿಯಬಹುದು. ಅವ್ವನ ಕೈಯ ರೊಟ್ಟಿಯನ್ನು ನೋಡುತ್ತ ಅವಳು ಬಾಗಿಲಲ್ಲಿ ಕುಳಿತಳು. ಅವ್ವ ಆ ರಾತ್ರಿ ತಾನೂ ಉಣ್ಣಲಿಲ್ಲ. ಮುಂಜಾನೆ ಬಾಡಿಗೆಯ ಗಾಡಿಯಲ್ಲಿ ಅಕ್ಕಲಕೋಟೆಯ ಮೇಲೆ ಹಾಯ್ದು ಸೊಲ್ಲಾಪುರಕ್ಕೆ ಒಯ್ದೆವು. ಸಂಜೆ ಚೆನ್ನಿಯನ್ನು ನನ್ನ ಕೈಗೆ ಕೊಡುತ್ತ ವೈದ್ಯರು ಮರಾಠಿಯಲ್ಲಿ ಹೇಳಿದ ಮಾತು ಇಷ್ಟು: "ಗುರುಜಿ, ನನ್ನ ಕೆಲಸ ಒಂದು ತಾಸಿನದು, ಮುಗಿಯಿತು. ನಿಮ್ಮ ಕೆಲಸ ಹದಿನಾಲ್ಕು ದಿನದ್ದು, ಈಗ ಸುರುವಾಯಿತು."

ಅವರು ಬರೆದುಕೊಟ್ಟ ಚೀಟಿಯೂ ಮರಾಠಿಯಲ್ಲಿತ್ತು. ಅವ್ವನಿಗಾಗಿ ನಾನು ಅದನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿದೆ. ಪಾಲಕರಿಗೆ ಉಪಯೋಗವಾದೀತೆಂದು ಅದರ ಸಾರವನ್ನು ಇಲ್ಲಿ ಕೊಡುತ್ತೇನೆ.

ಮೊದಲನೆಯ ರಾತ್ರಿ ಮತ್ತು ಪೂರ್ತಿ ಇಳಿದಿರುವುದಿಲ್ಲ. ಮೈ ತಣ್ಣಗಾಗುತ್ತದೆ, ನಡುಗುತ್ತದೆ. ಗಾಳಿ ಬೀಸದ, ಸದ್ದಿಲ್ಲದ ಕೋಣೆಯಲ್ಲಿ, ನೆಲದ ಮೇಲೆಯೇ ಒಣ ಹಾಸಿಗೆ ಹಾಸಿ ಮಲಗಿಸಬೇಕು. ಎತ್ತರದ ಜಾಗದಲ್ಲಿ ಮಲಗಿಸಿದರೆ ತೂಕಡಿಸಿ ಬೀಳುತ್ತದೆ. ಪೂರ್ಣ ಎಚ್ಚರವಾದ ಮೇಲೆ ಸ್ವಲ್ಪ ನೀರು, ಅದು ನಿಂತರೆ ನಾಲ್ಕು ತುತ್ತು ಮೆತ್ತಗಿನ ಅನ್ನ. ಒಮ್ಮೆಲೇ ಹೊಟ್ಟೆ ತುಂಬ ಹಾಕಬಾರದು. ಹತ್ತರಿಂದ ಹದಿನಾಲ್ಕು ದಿನ ಓಡುವುದು, ಜಿಗಿಯುವುದು, ಮೆಟ್ಟಿಲು ಹತ್ತುವುದು ಕೂಡದು; ಹೊರಕಡೆಗೆಂದು ಹಗ್ಗ ಹಿಡಿದು ಒಯ್ದು ಹಗ್ಗ ಹಿಡಿದೇ ತರಬೇಕು. ಸ್ನಾನ ಮಾಡಿಸಬಾರದು, ಗಾಯ ಒದ್ದೆಯಾಗಬಾರದು. ದಿನಕ್ಕೆ ಎರಡು ಸಲ ಬೆಳಕಿನಲ್ಲಿ ಹೊಲಿಗೆಯನ್ನು ನೋಡಬೇಕು. ವೈದ್ಯರು ಕೊಟ್ಟ ಗುಳಿಗೆಯನ್ನು ಹೇಳಿದಷ್ಟು ದಿನ ತಪ್ಪದೆ ಕೊಡಬೇಕು. ನಮ್ಮ ಜ್ವರದ, ಮೈಕೈ ನೋವಿನ ಗುಳಿಗೆಗಳನ್ನು ಮಾತ್ರ ಎಂದಿಗೂ ಕೊಡಬಾರದು. ನಮಗೆ ಔಷಧವಾದ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಲ್ಲವು. ವಸಡು ಬೆಳ್ಳಗಾದರೆ, ಮರುದಿನವೂ ಏಳದಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಗಾಯ ಬಾತು ಕೆಂಪಾಗಿ ಕೀವು ಅಥವಾ ದುರ್ವಾಸನೆ ಬಂದರೆ ಬೆಳಗಾಗುವ ದಾರಿ ಕಾಯದೆ ವೈದ್ಯರನ್ನು ಕರೆಯಬೇಕು. ನೋವಿನಲ್ಲಿರುವ ನಾಯಿ ತನ್ನವರನ್ನೂ ಕಚ್ಚಬಹುದು. ಆದ್ದರಿಂದ ಚಿಕ್ಕ ಮಕ್ಕಳು ಅಪ್ಪಿಕೊಳ್ಳಲು ಹೋಗಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು, ಗಾಯ ನೆಕ್ಕಲು ಬಿಡಬಾರದು. ಅದಕ್ಕಾಗಿ ಪ್ಲ್ಯಾಸ್ಟಿಕ್ಕಿನ ಒಂದು ಅಗಲವಾದ ಕೊರಳಪಟ್ಟಿಯನ್ನು ತೊಡಿಸಿದ್ದರು. ಅದಕ್ಕೆ ಇಂಗ್ಲಿಷಿನಲ್ಲಿ, 1558ರಿಂದ 1603ರವರೆಗೆ ಇಂಗ್ಲೆಂಡನ್ನು ಆಳಿದ ಎಲಿಜಬೆತ್ ರಾಣಿಯ ಹೆಸರಿದೆ. ಆ ಕಾಲದ ಶ್ರೀಮಂತರು ಗಂಜಿ ಹಾಕಿದ ನೆರಿಗೆಯ ಪಟ್ಟಿಯನ್ನು ಕೊರಳ ಸುತ್ತ ಕಟ್ಟುತ್ತಿದ್ದರಂತೆ. ಇದನ್ನು ಹೇಳಿದ್ದೇ ತಡ, ನನ್ನ ಮಗಳು ಚೆನ್ನಿಗೆ "ರಾಣಿಸಾಹೇಬ" ಎಂದು ಹೆಸರಿಟ್ಟಳು. ರಾಣಿಸಾಹೇಬರಿಗೆ ಮಾತ್ರ ಆ ವೈಭವ ಸೇರಲಿಲ್ಲ. ಬಾಗಿಲಿಗೆ ಬಡಿದುಕೊಳ್ಳುವಳು, ನೀರಿನ ಬೋಗುಣಿಯನ್ನು ಕೆಡವುವಳು, ಗೋಡೆಗೆ ಮುಖ ಮಾಡಿ ನಿಲ್ಲುವಳು.

ಐದು ದಿನ ಸುಸೂತ್ರವಾಗಿ ಕಳೆದವು. ಆರನೆಯ ದಿನ ಸಂಜೆ ಅನ್ನ ಹಾಕುವಾಗ ಪಟ್ಟಿಯು ಬೋಗುಣಿಗೆ ತಾಗಿ ಅವಳಿಗೆ ತಿನ್ನಲಾಗಲಿಲ್ಲ. ನನ್ನತ್ತ ನೋಡಿದಳು. ನನಗೆ ಕರುಳು ಚುರ್ರೆಂದಿತು. ಐದು ನಿಮಿಷ ಎಂದುಕೊಂಡು ಪಟ್ಟಿಯನ್ನು ಬಿಚ್ಚಿದೆ. ಅವಳು ತಿನ್ನುವವರೆಗೆ ನಾಲ್ಕು ಉತ್ತರಪತ್ರಿಕೆ ತಿದ್ದೋಣವೆಂದು ಒಳಗೆ ಕುಳಿತೆ. ನಾಲ್ಕು ಇಪ್ಪತ್ತಾದವು. ಮಗಳು ಚೀರಿದ್ದು ಕೇಳಿ ಓಡಿಬಂದಾಗ ಚೆನ್ನಿ ಎರಡು ಹೊಲಿಗೆಗಳನ್ನು ಹರಿದುಕೊಂಡಿದ್ದಳು. ಹಾಸಿಗೆಯ ಮೇಲೆ ರಕ್ತ.

ಅವ್ವ ಅರಿಶಿಣದ ಡಬ್ಬಿ ಹಿಡಿದು ಬಂದಳು. ಅವಳ ತಾಯಿ, ಅಜ್ಜಿ ಎಲ್ಲರೂ ಗಾಯಕ್ಕೆ ಹಚ್ಚಿದ್ದು ಅದೇ. ತೆರೆದ ಗಾಯದ ಮೇಲೆ ಪುಡಿ, ಬೂದಿ, ಎಣ್ಣೆ ಏನೂ ಬೇಡವೆಂದು ಗೋಡೆಯ ಚೀಟಿಯಲ್ಲಿತ್ತು. "ಬ್ಯಾಡವ್ವ" ಎಂದೆ. ಅವ್ವ ನನ್ನನ್ನು ದಿಟ್ಟಿಸಿ, "ಗ್ವಾಡೀಗಿ ಬರದು ಹಚ್ಚಿದಾಂವ ನೀನಽ, ಮರತಾಂವನೂ ನೀನಽ" ಎಂದಳು. ಮೂವತ್ತು ಜನ ಹುಡುಗರ ಮುಂದೆ ದಿನವೂ "ಸೂಚನೆಯನ್ನು ಸರಿಯಾಗಿ ಓದಿರಿ" ಎನ್ನುವ ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ. ಫೋನಿನಲ್ಲಿ ವೈದ್ಯರು ಹೇಳಿದಂತೆ ಪಟ್ಟಿಯನ್ನು ಮತ್ತೆ ತೊಡಿಸಿ, ಸ್ವಚ್ಛವಾದ ಬಟ್ಟೆಯಿಂದ ಗಾಯವನ್ನು ಮೆಲ್ಲಗೆ ಒತ್ತಿ ಹಿಡಿದು, ಆ ರಾತ್ರಿಯೇ ಸೊಲ್ಲಾಪುರದ ದಾರಿ ಹಿಡಿದೆವು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು, ಮೈಯ ಬಿಸಿ ತಾಕುತ್ತಿತ್ತು. ಮೂವತ್ತು ವರ್ಷಕ್ಕೂ ಹಿಂದೆ ಬೆನ್ನಿಗೆ ತಾಕಿದ ಬಿಸಿ ಅದೇ ಎನ್ನಿಸಿತು.

ಪುಣ್ಯಕ್ಕೆ ಹರಿದದ್ದು ಹೊರಚರ್ಮದ ಹೊಲಿಗೆ ಮಾತ್ರ. ಒಳಪದರದ ಹೊಲಿಗೆ ಗಟ್ಟಿಯಾಗಿಯೇ ಇತ್ತು. ಅದೂ ಬಿಚ್ಚಿದ್ದರೆ ಕರುಳು ಹೊರಬಂದು ಜೀವಕ್ಕೇ ಅಪಾಯವಿತ್ತು. ವೈದ್ಯರು ಗಾಯ ತೊಳೆದು ಮತ್ತೆ ಹೊಲಿದರು. ನನಗೆ ಬೈಯಲಿಲ್ಲ. "ಗುರುಜಿ, ದಯೆ ಬೇಕು, ಆದರೆ ಈಗ ಅವಳು ಕೇಳಿದ್ದನ್ನು ಕೊಡುವುದು ದಯೆಯಲ್ಲ" ಎಂದರು. ಕಾವಲಿನ ಲೆಕ್ಕ ಮತ್ತೆ ಒಂದರಿಂದ ಸುರುವಾಯಿತು. ಈ ಸಲ ಬೋಗುಣಿಯನ್ನು ಒಂದು ಇಟ್ಟಿಗೆಯ ಮೇಲೆ ಎತ್ತರಕ್ಕೆ ಇಟ್ಟೆವು; ಪಟ್ಟಿ ತಾಗದೆ ಅವಳು ಸುಖವಾಗಿ ತಿಂದಳು. ಇಷ್ಟು ಸುಲಭದ ಉಪಾಯ ಮೊದಲೇ ಹೊಳೆದಿದ್ದರೆ! ನೊಣ ಕೂತು ಹುಳವಾಗದಂತೆ ಸೊಳ್ಳೆಪರದೆ ಕಟ್ಟಿದೆವು. ಅವ್ವ, ಮಗಳು, ನಾನು ಸರದಿ ಹಾಕಿಕೊಂಡೆವು. ನೆರೆಮನೆಯ ಕಾಕಾ ಕೂಡ ಒಂದು ಮಧ್ಯಾಹ್ನ ಬಂದು ಕುಳಿತರು, ಪಾಪದ ಮಾತೆತ್ತಲಿಲ್ಲ. ಹದಿನಾಲ್ಕನೆಯ ದಿನ ಹೊಲಿಗೆ ಬಿಚ್ಚಿದರು. ಪಟ್ಟಿ ತೆಗೆದೊಡನೆ ಚೆನ್ನಿ ಮೈಕೊಡವಿ, ಬೇವಿನ ಗಿಡದ ಬುಡಕ್ಕೆ ಹೋಗಿ, ಮೂರು ಸುತ್ತು ಸುತ್ತಿ ಮಲಗಿದಳು.

ಅವಳು ಈಗಲೂ ಅಲ್ಲಿಯೇ ಇದ್ದಾಳೆ. ಎಡಗಿವಿಯ ತುದಿಯಲ್ಲಿ ಸಣ್ಣ ಗುರುತಿದೆ. ವರ್ಷಕ್ಕೊಮ್ಮೆ ಲಸಿಕೆ ಹಾಕಿಸುತ್ತೇವೆ. ಅಂದಿನಿಂದ ನಮ್ಮ ಓಣಿಯಲ್ಲಿ ಅವಳ ಮರಿಯೊಂದು ಗಾಲಿಯ ಕೆಳಗೆ ಸತ್ತಿಲ್ಲ, ಯಾವ ಹುಡುಗನ ಕೈಗೂ ಯಾರೂ ಗೋಣಿಚೀಲ ಕೊಟ್ಟಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂಥ ಜೀವವೊಂದು ಶಸ್ತ್ರಕ್ರಿಯೆ ಮುಗಿಸಿ ಬಂದರೆ ಹದಿನಾಲ್ಕು ದಿನ ಅದರ ಕಾವಲು ನಿಮ್ಮದೆಂದು ತಿಳಿಯಿರಿ. ಚೀಟಿಯನ್ನು ಗೋಡೆಗೆ ಅಂಟಿಸಿರಿ, ಮತ್ತು ನಿಮ್ಮ ಮಾಸ್ತರರಂತೆ ಮಾಡದೆ ಅದನ್ನು ದಿನವೂ ಓದಿರಿ. ಈ ವರ್ಷವೂ ತರಗತಿಯಲ್ಲಿ ಸರಮೆಯ ಕಥೆ ಬರುತ್ತದೆ. ಆಗ ಅವಳ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿರುತ್ತದೆ ಎನ್ನಲಾರೆ. ಆದರೆ ತಲೆ ತಗ್ಗಿಸದೆ ಕಥೆಯನ್ನು ಕೊನೆಯವರೆಗೆ ಹೇಳಬಲ್ಲೆ.