ಹಾರಲಾರದ ಮರಿಗಳು

ನನ್ನ ಊರು ಗಳಗನಾಥ. ವರದಾ ನದಿ ತುಂಗಭದ್ರೆಯನ್ನು ಸೇರುವುದು ಇಲ್ಲೇ. ಸಂಗಮದ ಗಳಗೇಶ್ವರ ಗುಡಿ ನೋಡಲು ಬಂದವರು ಸುತ್ತಲಿನ ಮರಗಳಲ್ಲಿ ಹಸಿರು ಗಿಳಿಗಳನ್ನೂ ನೋಡಿರಬಹುದು. ಅವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕೇ ನಾನು ಎಂಟನೇ ತರಗತಿಯಲ್ಲಿದ್ದಾಗ ಅಬ್ಬಾ ಒಂದು ಜೋಡಿ 'ಲವ್ ಬರ್ಡ್ಸ್' ತಂದುಕೊಟ್ಟರು. ಎಲ್ಲರೂ ಹಾಗೆ ಕರೆದರೂ ಅವು ಆಸ್ಟ್ರೇಲಿಯ ಮೂಲದ ಬಜರಿಗಾರ್ ಎಂಬ ಸಣ್ಣ ಗಿಳಿಗಳು. ನಮ್ಮ ಮನೆಯಲ್ಲಿ ಮಾತ್ರ ಎಲ್ಲದಕ್ಕೂ ಒಂದೇ ಹೆಸರು, ಮಿಟ್ಠು.

ಜೋಡಿ ಎಂಟಾಯಿತು. ಮರಿಗಳನ್ನು ಜೋಡಿಗೆ 400 ರೂಪಾಯಿಯಂತೆ ಮಾರತೊಡಗಿದೆ. ಕಾಮರ್ಸ್ ಓದುವವನಲ್ಲವೇ, ಕಾಳಿನ ಖರ್ಚು, ಮಾರಾಟದ ಜಮಾ ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಮಡಕೆಯಿಂದ ಹೊರಬಂದ ಮೂರು ಮರಿಗಳು ಹಾರಲಿಲ್ಲ. ಐದು ವಾರದ ಆ ಮರಿಗಳ ರೆಕ್ಕೆ ಮತ್ತು ಬಾಲದ ಉದ್ದ ಗರಿಗಳು ಉದುರಿದ್ದವು. ಇಲಿಮರಿಗಳಂತೆ ಪಂಜರದ ತಳದಲ್ಲಿ ಓಡಾಡುತ್ತಿದ್ದವು. ಅಮ್ಮಿ ಥಂಡಿ ಇರಬೇಕೆಂದರು. ನಾನು ಹೇನು ಎಂದುಕೊಂಡೆ.

ಪಶುವೈದ್ಯರು ನೋಡಿ, ಇದು ವೈರಸ್‌ನಿಂದ ಬರುವ ಗರಿರೋಗದಂತೆ ಕಾಣುತ್ತದೆ ಎಂದರು. ಸರ್ಕೋವೈರಸ್, ಪಾಲಿಯೋಮಾವೈರಸ್ ಎರಡರಿಂದಲೂ ಮರಿಗಳಿಗೆ ಹೀಗಾಗುತ್ತದೆ. ಯಾವುದೆಂದು ತಿಳಿಯಲು ಪಿಸಿಆರ್ ಪರೀಕ್ಷೆ ಬೇಕು. ಯಾವುದೇ ಆದರೂ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಗರಿಯ ಧೂಳು ಮತ್ತು ಹಿಕ್ಕೆಯಿಂದ ಹರಡುತ್ತದೆ, ಆದರೆ ಮನುಷ್ಯರಿಗೆ ಬರುವುದಿಲ್ಲ. "ನೋಡಾಕ ಚಲೋ ಇರೋ ಹಕ್ಕಿಯೊಳಗೂ ವೈರಸ್ ಇರಬಹುದು, ತಮ್ಮಾ. ಇನ್ನ ಮರಿ ಮಾಡಿಸಬ್ಯಾಡ, ಮಾರಬ್ಯಾಡ" ಎಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ವಾರದ ಹಿಂದಷ್ಟೇ ಗುತ್ತಲದ ಒಬ್ಬ ಅಕ್ಕನಿಗೆ ಒಂದು ಜೋಡಿ ಮಾರಿದ್ದೆ. ಅವು ಆಗ ಚೆನ್ನಾಗಿದ್ದವು, ನನಗೂ ರೋಗದ ವಿಷಯ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಬ್ಬಾಗೆ ಹೇಳಿದೆ. ಅವರು ಉರ್ದುವಿನಲ್ಲಿ ಇಷ್ಟೇ ಹೇಳಿದರು: "ನಿನ್ನೆಯವರೆಗೆ ನಿನಗೆ ಗೊತ್ತಿರಲಿಲ್ಲ. ಇವತ್ತು ಗೊತ್ತಾಗಿದೆ."

ಮರುದಿನ ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡು ಬಸ್ ಹತ್ತಿದೆ. ಧೂಳು ಬಟ್ಟೆಗೂ ಅಂಟಿಕೊಂಡು ಹೋಗುತ್ತದಂತೆ. ಅಕ್ಕ ಎಲ್ಲ ಕೇಳಿಸಿಕೊಂಡು, "ಇವತ್ತು ಹೇಳಿದ್ದು ಚಲೋ ಆತು. ನಮ್ಮಣ್ಣನ ಮನಿ ಪಂಜರದಾಗ ನಾಳೆ ಬಿಡೋರಿದ್ವಿ. ಅಲ್ಲಿ ಹತ್ತು ಹಕ್ಕಿ ಅದಾವ" ಎಂದರು. ನಾನು ಕೊಟ್ಟ 400 ರೂಪಾಯಿ ಎಣಿಸಿ ಒಳಗಿಟ್ಟರು. ಹಕ್ಕಿಗಳನ್ನು ಮಾತ್ರ ಅವರ ಮಗಳು ವಾಪಸ್ ಕೊಡಲಿಲ್ಲ. ಆಮೇಲೆ ನನಗೆ ಚಹಾ ಕೊಟ್ಟರು.

ಮೂರು ಮರಿಗಳಲ್ಲಿ ಒಂದು ಸತ್ತಿತು. ಓಣಿಯವರು, "ಉಳಿದವನ್ನ ಹೊಳಿ ದಂಡಿಗೆ ಬಿಟ್ಟು ಬಾ, ಪುಣ್ಯ ಬರತೈತಿ" ಎಂದರು. ಹಾರಲಾಗದ ಹಕ್ಕಿ ಅಲ್ಲಿ ಒಂದು ದಿನವೂ ಬದುಕದು. ಗುಡಿಯ ಬಳಿಯ ಗಿಳಿಗಳೂ ಅದೇ ಕುಟುಂಬಕ್ಕೆ ಸೇರಿದವು, ಅವುಗಳಿಗೂ ರೋಗ ತಗುಲಬಹುದು. ಹಾಗಾಗಿ ಬಿಡಲಿಲ್ಲ. ಅವನ್ನು ಬೇರೆ ಪಂಜರದಲ್ಲಿಟ್ಟು, ಕೂರುವ ಕಡ್ಡಿಯನ್ನು ತಳದ ಹತ್ತಿರ ಕಟ್ಟಿದೆ. ಮಡಕೆಗಳನ್ನು ತೆಗೆದೆ. ಮೊದಲು ಚೆನ್ನಾಗಿರುವ ಹಕ್ಕಿಗಳಿಗೆ, ಕೊನೆಗೆ ಇವುಗಳಿಗೆ ಕಾಳು ಹಾಕಿ ಕೈ ತೊಳೆಯುತ್ತೇನೆ. ಪಂಜರವನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ, ಧೂಳು ಏಳಬಾರದು.

ಈಗ ಒಂದು ಮರಿಗೆ ಗರಿ ಮತ್ತೆ ಬಂದಿದೆ. ಇನ್ನೊಂದು ಇನ್ನೂ ಓಡಾಡುತ್ತದೆ, ನನ್ನ ಧ್ವನಿ ಕೇಳಿದರೆ ಸರಳಿನ ಹತ್ತಿರ ಬರುತ್ತದೆ. ಗರಿ ಬಂದದ್ದನ್ನೂ ಮಾರುವುದಿಲ್ಲ, ಅದರೊಳಗೆ ವೈರಸ್ ಉಳಿದಿರಬಹುದು.

ನಿಮ್ಮ ಮನೆಗೆ ಹೊಸ ಹಕ್ಕಿ ತಂದರೆ ಕೆಲವು ವಾರ ಬೇರೆಯೇ ಇಡಿ. ಗರಿ ಉದುರಿದರೆ ವೈದ್ಯರಿಗೆ ತೋರಿಸಿ. ಮಾರುವವರು ನೀವಾಗಿದ್ದರೆ ಕೊಂಡವರಿಗೂ ತಿಳಿಸಿ.

ನೋಟ್‌ಬುಕ್‌ನಲ್ಲಿ ಆ 400 ರೂಪಾಯಿಯನ್ನು ಖರ್ಚಿನ ಬದಿಗೆ ಬರೆದಿದ್ದೇನೆ. ಅದನ್ನು ನಷ್ಟ ಎಂದು ಮಾತ್ರ ಬರೆದಿಲ್ಲ.